ಎಲ್ಲರೂ ಒಪ್ಪಿದ್ದ ಪ್ರವಾಸ: ನಾಸಿಕ್ ವೈನ್ ಯೋಜನೆಯೊಂದರ ಆಪ್ತಸಲಹೆ ಪ್ರಕರಣ

(ಹೆಸರು, ಉದ್ಯೋಗ, ಊರು ಮತ್ತು ಗುರುತು ಹತ್ತಬಹುದಾದ ಇತರ ವಿವರಗಳನ್ನು ಬದಲಿಸಲಾಗಿದೆ.)

ವೀಣಾ ನಲವತ್ತರ ಆಸುಪಾಸಿನವರು. ಬೆಂಗಳೂರಿನ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಮೂರು ವಾರಗಳಿಂದ ನಿದ್ದೆ ಸರಿಯಿಲ್ಲ, ಎದೆ ಬಿಗಿದಂತಾಗುತ್ತದೆ, ಮಕ್ಕಳ ಮೇಲೆ ಸುಮ್ಮನೆ ರೇಗುತ್ತೇನೆ ಎಂದು ಬಂದರು. ಮನೆಯಲ್ಲಿ, ಕಚೇರಿಯಲ್ಲಿ ಹೊಸದಾಗಿ ಏನೂ ಆಗಿರಲಿಲ್ಲ. ಖಿನ್ನತೆ ಅಥವಾ ಆತಂಕದ ಕಾಯಿಲೆಯ ಉಳಿದ ಲಕ್ಷಣಗಳೂ ಕಾಣಲಿಲ್ಲ. ಎದೆಬಿಗಿತಕ್ಕೆ ಮೊದಲು ವೈದ್ಯರಲ್ಲಿ ತೋರಿಸಿ ಇಸಿಜಿ ಮಾಡಿಸಿಕೊಳ್ಳಲು ಹೇಳಿದೆವು, ಅದು ಸಹಜವಾಗಿತ್ತು. ರಾತ್ರಿ ಹನ್ನೊಂದರ ಮೇಲೆ ಏನು ಮಾಡುತ್ತಿರುತ್ತೀರಿ ಎಂದು ಕೇಳಿದಾಗ ವಿಷಯ ಹೊರಗೆ ಬಂತು. ಅವರು ಫೋನಿನಲ್ಲಿ ಒಂದು ಪ್ರವಾಸದ ಲೆಕ್ಕದ ಹಾಳೆ ತೆರೆದುಕೊಂಡು ಕೂತಿರುತ್ತಿದ್ದರು.

ದಾವಣಗೆರೆಯಲ್ಲಿ ಒಟ್ಟಿಗೆ ಓದಿದ ಎಂಟು ಸ್ನೇಹಿತರು ಜನವರಿ ಕೊನೆಯ ರಜೆಯಲ್ಲಿ ನಾಸಿಕ್‌ಗೆ ಹೋಗಿ, ಮೂರು ರಾತ್ರಿ ಇದ್ದು, ದ್ರಾಕ್ಷಿ ತೋಟ ಮತ್ತು ವೈನರಿಗಳನ್ನು ನೋಡಿಕೊಂಡು ಬರಬೇಕೆಂಬ ಯೋಜನೆ. ವೀಣಾ ದಿನಕ್ಕೆ ಮೂರು ವೈನರಿಯಂತೆ ಪಟ್ಟಿ ಮಾಡಿ, ರೆಸಾರ್ಟ್ ಹುಡುಕಿ, ವಾಟ್ಸಾಪ್ ಗುಂಪಿಗೆ ಹಾಕಿ "ಎಲ್ಲರಿಗೂ ಓಕೆನಾ?" ಎಂದು ಕೇಳಿದ್ದರು. ಏಳು ಹೆಬ್ಬೆರಳು ಬಂದವು. ಅದನ್ನು ನಂಬಿ ತಮ್ಮ ಕಾರ್ಡಿನಿಂದ 65,000 ರೂಪಾಯಿ ಮುಂಗಡ ಕಟ್ಟಿದರು. ಆಮೇಲೆ ಒಂದೇ ವಾರದಲ್ಲಿ ಮಹೇಶ ಒಂದು ಮಾತೂ ಹೇಳದೆ ಗುಂಪಿನಿಂದ ಹೊರಬಿದ್ದ. ಸುಜಾತಾ ಪಾಲಿನ ಹಣ ಕೇಳಿದಾಗಲೆಲ್ಲ "ನಾಳೆ ಹಾಕ್ತೀನಿ ಕಣೇ" ಎನ್ನುತ್ತ ಹೋದಳು. ಇನ್ನೊಬ್ಬ ಗೆಳತಿ "ನಿಂದು ಯಾವಾಗ್ಲೂ ಇದೇ, ನಿಂಗೆ ಬೇಕಾದ್ದನ್ನೇ ಬುಕ್ ಮಾಡಿ ಆಮೇಲೆ ನಮ್ಮನ್ನ ಕೇಳ್ತೀಯ" ಎಂದು ಬರೆದಳು. "ಎಲ್ಲಾ ಕೆಲಸ ಮಾಡಿದ್ದೂ ನಾನೇ, ಕೆಟ್ಟೋಳಾಗಿದ್ದೂ ನಾನೇ" ಎಂದು ಹೇಳುವಾಗ ವೀಣಾ ಅವರ ಗಂಟಲು ಕಟ್ಟಿತು.

ಮುಗಿದ ಪಟ್ಟಿಯೊಂದನ್ನು ಎಂಟು ಜನರ ಮುಂದಿಟ್ಟು ಒಪ್ಪಿಗೆ ಕೇಳಿದರೆ, ಬೇಡ ಎನ್ನುವವರು ಎಲ್ಲರೆದುರು ಕಾರಣವನ್ನೂ ಹೇಳಬೇಕಾಗುತ್ತದೆ. ಹೇಳಲಾಗದ ಕಾರಣವಿದ್ದವರಿಗೆ ಹೆಬ್ಬೆರಳು ಒತ್ತುವುದೇ ಸುಲಭ. ಸುಜಾತಾಗೆ ಇದ್ದ ಕಾರಣ ಹಣ. ಮಹೇಶನ ಕಾರಣ ಇನ್ನೂ ಭಾರವಾದದ್ದು, ಮುಂದೆ ಬರುತ್ತದೆ. ಸ್ನೇಹಿತರ ಪ್ರವಾಸಗಳು ಮುರಿದುಬಿದ್ದ ಪ್ರಕರಣಗಳಲ್ಲಿ ಸ್ನೇಹ ಕೆಟ್ಟದ್ದಕ್ಕಿಂತ ಪ್ರಶ್ನೆ ಕೇಳಿದ ಜಾಗ ಕೆಟ್ಟದ್ದೇ ಹೆಚ್ಚು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಆದ್ದರಿಂದ ಮೊದಲ ಸಲಹೆ: ರದ್ದು ಮಾಡಿದರೆ ಮುಂಗಡ ಎಷ್ಟು ವಾಪಸು ಬರುತ್ತದೆ, ಯಾವ ತಾರೀಖಿನವರೆಗೆ ಬರುತ್ತದೆ ಎಂದು ರೆಸಾರ್ಟಿಗೆ ಫೋನ್ ಮಾಡಿ ತಿಳಿಯಿರಿ. ಅಲ್ಲಿಯವರೆಗೆ ಗುಂಪಿನಲ್ಲಿ ಏನೂ ಬರೆಯಬೇಡಿ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕರೆ ಮಾಡಿ. ಮೆಸೇಜ್ ಬೇಡ, ಅದನ್ನು ಇನ್ನೊಬ್ಬರಿಗೆ ಕಳಿಸಬಹುದೆಂಬ ಅಳುಕು ಎಲ್ಲರಿಗೂ ಇರುತ್ತದೆ. ಕೇಳಬೇಕಾದದ್ದು ಮೂರೇ. ಹೋಗಿ ಬರುವ ಖರ್ಚೂ ಸೇರಿ ಒಟ್ಟು ಎಷ್ಟು ಹಣ ನಿನ್ನ ಕೈಗೆ ಭಾರವಾಗುವುದಿಲ್ಲ? ಎಷ್ಟು ರಾತ್ರಿ ಮನೆ ಬಿಟ್ಟಿರಬಹುದು? ವೈನರಿಗೆ ಹೋಗುವುದು, ಕುಡಿಯುವವರ ಜತೆ ಇರುವುದು, ಇವುಗಳಲ್ಲಿ ಬೇಡವೆನಿಸುವುದು ಏನಾದರೂ ಇದೆಯಾ? ಮೂರಕ್ಕೂ ಉತ್ತರ ಬಂದ ಮೇಲೆ "ಯಾಕೆ" ಎಂದು ಕೇಳಬಾರದು. ತಮ್ಮ ಹಣದ ಅಂಕಿಯನ್ನು ವೀಣಾ ಮೊದಲು ಹೇಳಲೂಬಾರದು. ಹೇಳಿದರೆ ಉಳಿದವರ ಉತ್ತರ ಅದರ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಬಂದ ಅಂಕಿಗಳು 14,000ದಿಂದ 45,000ದವರೆಗೆ ಹರಡಿದ್ದವು. ವೀಣಾ ಮಾಡಿದ್ದ ಪಟ್ಟಿ ತಲೆಗೆ 32,000ದ್ದು. ಸರಾಸರಿ ತೆಗೆಯಲು ಅವರ ಕೈ ಕೂಡಲೇ ಹೋಯಿತು. ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು, ಅದರಿಂದ ಕಡಿಮೆ ಇರುವವರು ಹಾಗೆಯೇ ಹೊರಗುಳಿಯುತ್ತಾರೆ. ಎಲ್ಲರೂ ಹಂಚಿಕೊಳ್ಳುವ ಭಾಗವನ್ನು ಅತಿ ಕಡಿಮೆ ಅಂಕಿಯೊಳಗೆ ಕೂರಿಸಿ, ಉಳಿದದ್ದನ್ನು ಅವರವರ ಇಷ್ಟಕ್ಕೆ ಬಿಡಬೇಕು. ಹಾಗಾಗಿ ಪ್ರಯಾಣವನ್ನೇ ಸಾಮೂಹಿಕ ಲೆಕ್ಕದಿಂದ ತೆಗೆದೆವು. ಪ್ರವಾಸ ಶುರುವಾಗುವುದು ನಾಸಿಕ್‌ನಲ್ಲಿ, ಇಂಥ ದಿನ ಬೆಳಿಗ್ಗೆ ಇಷ್ಟು ಗಂಟೆಗೆ. ವಿಮಾನದಲ್ಲಿ ಬರುವವರು ಬರಲಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿನ ದಿನ ಮನ್ಮಾಡ್‌ನಲ್ಲಿ ಇಳಿದು ಅಲ್ಲಿಂದ ನಾಸಿಕ್‌ಗೆ ಬರುವವರು ಹಾಗೆ ಬರಲಿ. ಯಾರು ಹೇಗೆ ಬಂದರು ಎಂಬುದು ಚರ್ಚೆಗೇ ಬರುವುದಿಲ್ಲ. ರೆಸಾರ್ಟಿನ ಬದಲು ಊರೊಳಗಿನ ಸಾಧಾರಣ ಹೋಟೆಲು, ಇಬ್ಬರಿಗೊಂದು ಕೋಣೆ. ತೋಟದ ಮಧ್ಯೆಯೇ ಮಲಗಬೇಕೆನ್ನುವವರು ಒಂದು ರಾತ್ರಿ ತಮ್ಮ ಖರ್ಚಿನಲ್ಲಿ ಮಲಗಲಿ.

ದಿನಾಂಕದಲ್ಲೂ ಒಂದು ದೋಷವಿತ್ತು, ಎಂಟು ಜನರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಜನವರಿ 26 ಒಣದಿನ. ಮಹಾರಾಷ್ಟ್ರದಲ್ಲಿ ಜನವರಿ 30 ಕೂಡ ಹಾಗೆಯೇ. ಆ ದಿನಗಳಲ್ಲಿ ಮದ್ಯ ಮಾರುವಂತಿಲ್ಲ, ಬಡಿಸುವಂತಿಲ್ಲ. ತೋಟ ನೋಡಬಹುದು, ರುಚಿ ನೋಡಲಾಗದು. ಚುನಾವಣೆ ಇದ್ದರೆ ಮತದಾನ ಮುಗಿಯುವ ಹಿಂದಿನ 48 ಗಂಟೆಯೂ ಬಂದ್. ನಾಸಿಕ್‌ನಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಬಳ್ಳಿ ಸವರುತ್ತಾರೆ; ಎರಡನೆಯ ಸವರಿಕೆಯ ಚಿಗುರಿನಲ್ಲಿ ಬಂದ ಗೊಂಚಲು ಚಳಿಗಾಲದಲ್ಲಿ ಮಾಗುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲೆಂದು ಓದಿಕೊಂಡು ಇಲ್ಲಿಗೂ ಆಗ ಬಂದವರಿಗೆ ಹಸಿರು ಸಿಗುತ್ತದೆ, ಹಣ್ಣು ಸಿಗುವುದಿಲ್ಲ. ಆದ್ದರಿಂದ ಫೆಬ್ರವರಿ ನಡುವಿನ ವಾರಾಂತ್ಯ ಒಳ್ಳೆಯದು ಎಂದೆವು. ಶಿವರಾತ್ರಿ ಅದೇ ವಾರಕ್ಕೆ ಬಿದ್ದರೆ ತ್ರ್ಯಂಬಕೇಶ್ವರದ ಜನಸಂದಣಿಯಿಂದ ಕೋಣೆ, ಗಾಡಿ ಎರಡೂ ಕಷ್ಟವಾಗುತ್ತವೆ. ಪಂಚಾಂಗ ನೋಡಿ ಹಿಂದೆ ಮುಂದೆ ಮಾಡಿಕೊಳ್ಳಲು ಹೇಳಿದೆವು.

ದಿನಕ್ಕೆ ಮೂರು ವೈನರಿ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿಸಿದೆವು. ಲೆಕ್ಕ ಬಲ್ಲವರಿಗೆ ಬುದ್ಧಿಮಾತಿಗಿಂತ ಲೆಕ್ಕವೇ ನಾಟುತ್ತದೆ. ಒಂದು ವೈನರಿಯಲ್ಲಿ ರುಚಿ ನೋಡುವ ಒಂದು ಸುತ್ತಿನಲ್ಲಿ 30 ಮಿಲಿಲೀಟರಿನಂತೆ ಆರು ವೈನ್ ಎಂದರೆ 180 ಮಿಲಿ. 13 ಶೇಕಡಾ ಆಲ್ಕೋಹಾಲ್ ಎಂದು ಹಿಡಿದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 18 ಗ್ರಾಂ. ದೇಹ ಗಂಟೆಗೆ ಕರಗಿಸುವುದು ಅಂದಾಜು 7ರಿಂದ 10 ಗ್ರಾಂ. ಮೂರು ವೈನರಿಯಾದರೆ 55 ಗ್ರಾಂ, ಅದೂ ಬಿಸಿಲಿನಲ್ಲಿ, ಸರಿಯಾಗಿ ಉಣ್ಣದೆ. ಸಂಜೆ ಐದಕ್ಕೆ ಹಳೆಯ ಜಗಳಗಳು ಎದ್ದು ಬರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ನಮ್ಮ ಕಾನೂನಿನಲ್ಲಿ ವಾಹನ ಓಡಿಸುವವರ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 60 ಕೆಜಿಯ ಹೆಂಗಸು, 70 ಕೆಜಿಯ ಗಂಡಸು ಇಬ್ಬರೂ ಒಂದೇ ಸುತ್ತಿಗೆ ಅದನ್ನು ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೂ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಹೀಗಾಗಿ ದಿನಕ್ಕೆ ಎರಡೇ. ಬೆಳಿಗ್ಗೆ ತಿಂಡಿ ಮುಗಿಸಿ ಹನ್ನೊಂದಕ್ಕೆ ಒಂದು, ಕೂತು ಮಾಡುವ ಊಟ, ನಾಲ್ಕಕ್ಕೆ ಇನ್ನೊಂದು. ಪ್ರತಿ ಸುತ್ತಿಗೂ ಒಬ್ಬೊಬ್ಬರಿಗೆ ಕನಿಷ್ಠ ಅರ್ಧ ಲೀಟರ್ ನೀರು. ರುಚಿ ನೋಡಿ ಉಗುಳಲು ಪಾತ್ರೆ ಕೇಳಿದರೆ ಕೊಡುತ್ತಾರೆ, ವೈನ್ ಬಲ್ಲವರು ಮಾಡುವುದೇ ಹಾಗೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಗಂಗಾಪುರ ಅಣೆಕಟ್ಟಿನ ಕಡೆಯ ಸುಲಾ, ಯಾರ್ಕ್ ವೈನರಿಗಳು ಹತ್ತಿರ ಹತ್ತಿರ ಇವೆ, ಅವು ಒಂದು ದಿನಕ್ಕೆ. ಇಗತ್‌ಪುರಿ ಕಡೆಯವು, ದಿಂಡೋರಿ ಕಡೆಯವು ಬೇರೆ ಬೇರೆ ದಿಕ್ಕು. ಎರಡನ್ನೂ ಒಂದೇ ದಿನಕ್ಕೆ ಸೇರಿಸಿದರೆ ದಿನವೆಲ್ಲ ಗಾಡಿಯಲ್ಲೇ ಕಳೆಯುತ್ತದೆ. ಗಾಡಿಗೆ ಸ್ಥಳೀಯ ಚಾಲಕನ ಸಮೇತ ಟೆಂಪೋ ಟ್ರಾವೆಲರ್. ಡ್ರೈವರ್ ಬಾಟಾ ಮತ್ತು ಊಟವನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು. ಕುಡಿಯದ ಸ್ನೇಹಿತರ ಕೈಗೆ ಕೀಲಿ ಕೊಡುವ ಅಭ್ಯಾಸ ಬಹಳ ಗುಂಪುಗಳಲ್ಲಿದೆ. ಅದನ್ನು ಮಾಡಲೇಬೇಡಿ ಎಂದು ಒತ್ತಿ ಹೇಳಿದೆವು. ಕುಡಿಯದವರೂ ರಜೆಗೆ ಬಂದವರೇ.

ಇನ್ನು ಮಹೇಶ. ವೀಣಾ ಕರೆ ಮಾಡಿ ಮೂರನೆಯ ಪ್ರಶ್ನೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ಕುಡಿತ ಬಿಟ್ಟು ಹನ್ನೊಂದು ತಿಂಗಳು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನಡೆಯುತ್ತಿದೆ, ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಮ್ಮ ಹತ್ತಿರ ಇದನ್ನು ಚರ್ಚಿಸಲು ವೀಣಾ ಅವನ ಅನುಮತಿ ಕೇಳಿಕೊಂಡೇ ಬಂದಿದ್ದರು. "ಅವನು ಬರ್ಲಿ, ಅವನಿಗೆ ಜ್ಯೂಸ್ ಕೊಡ್ಸಿದ್ರಾಯ್ತಲ್ವಾ?" ಎಂಬುದು ಅವರ ಪ್ರೀತಿಯ ಪರಿಹಾರ.

ಆಗದು ಎಂದು ನೇರವಾಗಿ ಹೇಳಿದೆವು. ಆ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಗೆ ಸ್ವಲ್ಪ ಆಲ್ಕೋಹಾಲ್ ಹೋದರೂ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು, ಆಸ್ಪತ್ರೆಗೆ ಓಡಬೇಕಾಗಬಹುದು. ವೈನ್ ಹಾಕಿ ಬೇಯಿಸಿದ ಸಾಸು, ಮದ್ಯ ಬೆರೆಸಿದ ಸಿಹಿ ತಿನಿಸು ಕೂಡ ಅಪಾಯ. ಆಲ್ಕೋಹಾಲ್‌ರಹಿತ ಎಂದು ಮಾರುವ ವೈನ್‌ನಲ್ಲೂ ಅಲ್ಪ ಪ್ರಮಾಣ ಉಳಿದಿರಬಹುದು, ಅದರ ವಾಸನೆ ಮತ್ತು ರುಚಿ ಹಳೆಯ ಆಸೆಯನ್ನು ಎಬ್ಬಿಸುತ್ತದೆ. ಎಲ್ಲಕ್ಕಿಂತ ಅಪಾಯದ್ದು, ಪ್ರವಾಸಕ್ಕೆಂದು ನಾಲ್ಕು ದಿನ ಮುಂಚೆ ಮಾತ್ರೆ ನಿಲ್ಲಿಸುವುದು. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಪ್ರತಿಕ್ರಿಯೆ ಆಗಬಹುದು. ಮಾತ್ರೆ ನಿಲ್ಲಿಸಿದ ಕ್ಷಣವೇ ಮತ್ತೆ ಕುಡಿಯುವ ನಿರ್ಧಾರ ಅರ್ಧ ಆಗಿರುತ್ತದೆ. ಬಿಟ್ಟ ಮೊದಲ ವರ್ಷದಲ್ಲಿ ವೈನರಿ ಪ್ರವಾಸ ಬೇಡ ಎಂಬುದೇ ನಮ್ಮ ಸಲಹೆ. ಆದರೆ ಆ ಮಾತು ಮಹೇಶನಿಗೆ ಅವನ ವೈದ್ಯರಿಂದ ಹೋಗಬೇಕು. ವೀಣಾ ತೀರ್ಪು ಕೊಡುವಂತಿಲ್ಲ, ಗುಂಪಿಗೆ ಹೇಳುವಂತೆಯೂ ಇಲ್ಲ. ಅವನಿಗೆ ಹೀಗೆ ಹೇಳಿ ಎಂದು ವಾಕ್ಯಗಳನ್ನೇ ಕೊಟ್ಟೆವು: "ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ ಕಣೋ. ಬರ್ತೀಯೋ ಬಿಡ್ತೀಯೋ ಡಾಕ್ಟ್ರನ್ನ ಕೇಳಿ ನೀನೇ ಹೇಳು. ಈ ಸಲ ಬರ್ದಿದ್ರೆ ಮುಂದಿನ ತಿಂಗ್ಳು ನಾವೆಲ್ಲ ಬೆಳಿಗ್ಗೆ ಎಲ್ಲಾದ್ರೂ ತಿಂಡಿಗೆ ಸೇರೋಣ." ಆಸೆ ಮೀರಿ ಬಂದ ರಾತ್ರಿ ಅವನು ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಕೊಟ್ಟೆವು, ಕನ್ನಡದಲ್ಲೂ ಮಾತಾಡುತ್ತಾರೆ, ಶುಲ್ಕವಿಲ್ಲ.

ಎಲ್ಲರೂ ಸೇರಿ ಹಾಕುವ ಹಣದ ವಿಷಯ ಚಿಕ್ಕದು, ಆದರೆ ಪ್ರವಾಸ ಮುರಿಯುವುದು ಅಲ್ಲೇ. ಕೋಣೆ, ಗಾಡಿ, ಬಾಟಾ, ಊಟ ಮಾತ್ರ ಸಾಮೂಹಿಕ. ರುಚಿ ನೋಡುವ ಶುಲ್ಕ ಮತ್ತು ಬಾಟಲಿಗಳು ಅವರವರದು, ಅಲ್ಲಿಯೇ ಯುಪಿಐಯಲ್ಲಿ ಅವರವರೇ ಕೊಡಬೇಕು. ಮುಂಗಡ ಎಲ್ಲರದೂ ಬಂದ ಮೇಲೆಯೇ ಬುಕಿಂಗ್. ಒಬ್ಬರ ಕಾರ್ಡಿನಿಂದ ಕಟ್ಟಿ ಆಮೇಲೆ ವಸೂಲಿ ಮಾಡುವುದು ಬೇಡ. ಯಾವ ದಿನದ ನಂತರ ಬಿಟ್ಟವರು ತಮ್ಮ ಪಾಲು ಬಿಟ್ಟುಕೊಡುತ್ತಾರೆ ಎಂಬುದನ್ನು ಮೊದಲೇ ಬರೆದಿಡಿ. ಬಾಟಲಿ ತರುವವರಿಗೆ ಒಂದು ಎಚ್ಚರಿಕೆ: ತುಂಬಿದ ಗಾಜಿನ ಬಾಟಲಿ ಒಂದಕ್ಕೆ ಸುಮಾರು ಒಂದೂಕಾಲು ಕೆಜಿ, ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್‌ಇನ್ ತೂಕದಲ್ಲೇ ಹೋಗಬೇಕು. ರಾಜ್ಯದಿಂದ ರಾಜ್ಯಕ್ಕೆ ಒಯ್ಯಲು ಅಬಕಾರಿ ನಿಯಮಗಳಿವೆ, ಬಿಲ್ಲು ಜತೆಗಿರಲಿ, ಪರವಾನಗಿ ಬೇಕೇ ಎಂದು ಮೊದಲೇ ವಿಚಾರಿಸಿ. ಇದೇ ಬಗೆಯ ತೋಟ ಮತ್ತು ವೈನರಿ ದೊಡ್ಡಬಳ್ಳಾಪುರದ ಕಡೆ, ಗ್ರೋವರ್‌ನವರದ್ದು, ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ನಾಸಿಕ್ ಆಗದವರಿಗೆ ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟೆವು.

ನಂತರದ ಭೇಟಿಗೆ ಬಂದಾಗ ವೀಣಾ ರೆಸಾರ್ಟ್ ರದ್ದು ಮಾಡಿದ್ದರು, 65,000ದಲ್ಲಿ 52,000 ವಾಪಸು ಬಂದಿತ್ತು. ಕಡಿಮೆಯಾದ ಹಣವನ್ನು ತಾನೇ ನುಂಗಿಕೊಳ್ಳುತ್ತೇನೆ ಎಂದಿದ್ದರು. ಪಟ್ಟಿಗೆ ಒಪ್ಪಿದ್ದವರೆಲ್ಲ ಹಂಚಿಕೊಳ್ಳಲಿ, ಆದರೆ ಮಹೇಶ ಮತ್ತು ಸುಜಾತಾರಿಂದ ಕೇಳಬೇಡಿ ಎಂದೆವು. ಇಬ್ಬರ ಹೆಸರು ಏಕಿಲ್ಲ ಎಂದು ಯಾರೂ ಕೇಳಲಿಲ್ಲವಂತೆ. ಗಾಡಿಯ ಕೆಲಸ ಒಬ್ಬರಿಗೆ, ವೈನರಿಗಳ ಸಮಯ ಕಾಯ್ದಿರಿಸುವುದು ಇನ್ನೊಬ್ಬರಿಗೆ, ಊಟ ಮೂರನೆಯವರಿಗೆ ಹೋಯಿತು. ವೀಣಾ ಕೈಯಲ್ಲಿ ಉಳಿದದ್ದು ಲೆಕ್ಕ ಮಾತ್ರ. ರಾತ್ರಿ ಒಂಬತ್ತರ ಮೇಲೆ ಆ ಹಾಳೆ ತೆರೆಯಬಾರದು ಎಂಬ ನಿಯಮವನ್ನು ಹೆಚ್ಚು ದಿನ ಪಾಲಿಸಿದ್ದಾರೆ, ಈಗ ರಾತ್ರಿಗೆ ಆರು ಗಂಟೆಯಷ್ಟು ನಿದ್ದೆ ಬರುತ್ತಿದೆ. ಸುಜಾತಾ ಎರಡು ರಾತ್ರಿಗೆ ಬರುತ್ತಾಳೆ. ಮಹೇಶ ವೈದ್ಯರ ಜತೆ ಮಾತಾಡಿ ಈ ಸಲ ಇಲ್ಲ ಎಂದ, ಗುಂಪಿಗೆ ಮಾತ್ರ ಮರಳಿ ಬಂದ. ಖಾರವಾಗಿ ಬರೆದ ಗೆಳತಿಯ ಜತೆಗಿನ ಮಾತು ಇನ್ನೂ ಆಗಿಲ್ಲ. ಅದನ್ನು ಪ್ರವಾಸಕ್ಕೆ ಮುಂಚೆಯೇ ಮುಗಿಸುವುದು ಒಳ್ಳೆಯದೆಂದು ಹೇಳಿದೆವು. ವೀಣಾ ಇನ್ನೂ ಧೈರ್ಯ ಸಾಲದು ಎಂದರು. ಮುಂದಿನ ಭೇಟಿ ಆ ಮಾತಿಗಾಗಿಯೇ ನಿಗದಿಯಾಗಿದೆ.