ವಿಂಡ್‌ಶೀಲ್ಡ್ ಬದಲಿಸಿದ ಮೇಲೆ ಕಾರಿನೊಳಗೆ ನೀರು ಸೋರುತ್ತಿದೆ, ಅಂಚಿನ ಪೇಂಟ್ ಕೂಡ ಕೆರೆದಿದೆ. ಏನು ಮಾಡಲಿ?

ಮೊದಲು ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ. ಗಾಜಿನ ಮೇಲೆ ಪೈಪಿನಿಂದ ನಿಧಾನವಾಗಿ ನೀರು ಬಿಟ್ಟು, ಎಲ್ಲಿಂದ ಇಳಿಯುತ್ತದೆ ಎಂದು ಒಳಗೆ ಕೂತವರು ನೋಡಲಿ. ಹೊರಗಿನಿಂದ ಸಿಲಿಕೋನ್ ಬಳಿದು ಕಳಿಸಿದರೆ ಒಪ್ಪಬೇಡಿ, ಅದು ಬರೀ ತೇಪೆ. ಗಾಜನ್ನು ಹಿಡಿದಿಡುವುದು ಯೂರಿಥೇನ್ ಅಂಟು. ಅಪಘಾತವಾದಾಗ ಗಾಜು ಕಳಚದೆ ನಿಲ್ಲುವುದೂ ಅದರಿಂದಲೇ. ಅಲ್ಲಿ ಸಂದು ಬಿಟ್ಟಿದ್ದರೆ ಗಾಜು ಬಿಚ್ಚಿ ಮತ್ತೆ ಕೂರಿಸಬೇಕಾಗಬಹುದು.

ಪೇಂಟ್ ಗೀರನ್ನೂ ಸುಮ್ನೆ ಬಿಡಬೇಡಿ. ಹಳೆ ಅಂಟು ಕತ್ತರಿಸುವಾಗ ಬ್ಲೇಡ್ ತಾಗಿ ಲೋಹ ಕಾಣುತ್ತಿದ್ದರೆ ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ತುಕ್ಕು ಗಾಜಿನ ಕೆಳಗೇ ಹಬ್ಬಿ ಅಂಟು ಬಿಡುತ್ತದೆ.

ವರ್ಕ್‌ಶಾಪಿಗೆ ಬಿಲ್ ಸಮೇತ ಇಮೇಲ್ ಕಳಿಸಿ, ಬಾಯಿಮಾತು ನಿಲ್ಲುವುದಿಲ್ಲ. ಕ್ಲೇಮ್‌ನಲ್ಲಿ ಮಾಡಿಸಿದ್ದರೆ ವಿಮಾ ಕಂಪನಿಗೂ ತಿಳಿಸಿ. ‘ಗೀರು ಮೊದಲೇ ಇತ್ತು’ ಎಂದು ವರ್ಕ್‌ಶಾಪಿನವರು ಅಂದರೆ, ಗಾಡಿ ಬಿಟ್ಟಾಗ ಬರೆದ ಜಾಬ್ ಕಾರ್ಡ್ ತೋರಿಸಿ ಎನ್ನಿ. ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 2 ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಅಂದಹಾಗೆ, ಫಾಸ್ಟ್ಯಾಗ್ ಹಳೆ ಗಾಜಿನ ಜೊತೆಗೇ ಹೋಗಿರುತ್ತದೆ, ಅಲ್ವಾ? ಬ್ಯಾಂಕಿನಿಂದ ಹೊಸದು ತರಿಸಿಕೊಳ್ಳಿ.