ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ನೋಡಲು ಹೋದರೆ ಏನನ್ನು ಗಮನಿಸಬೇಕು?

ಸುಮ್ನೆ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ವಿನ್ಯಾಸ ಮಾಡಿದ ಇಲ್ಲಿನ ಹೈಕೋರ್ಟ್, ವಿಧಾನಸಭೆ, ಸಚಿವಾಲಯ ಮೂರೂ ಇವತ್ತಿಗೂ ಬಳಕೆಯಲ್ಲಿವೆ. ಹಾಗಾಗಿ ಭದ್ರತೆ ಜಾಸ್ತಿ. ಸೆಕ್ಟರ್ 1ರ ಪ್ರವಾಸಿ ಕೇಂದ್ರದಲ್ಲಿ ಹೆಸರು ಬರೆಸಿ, ಗೈಡ್ ಜೊತೆ ಹೋಗಬೇಕು. ಗುರುತಿನ ಚೀಟಿ ಮರೆಯಬೇಡಿ.

ಹೈಕೋರ್ಟಿನ ಹಸಿರು, ಹಳದಿ, ಕೆಂಪು ಕಂಬಗಳು ಹೇಗಿದ್ದರೂ ಕಣ್ಣಿಗೆ ಬೀಳುತ್ತವೆ. ನೀವು ತಲೆ ಎತ್ತಿ ಚಾವಣಿ ನೋಡಿ. ಅದು ಎರಡು ಪದರದ್ದು. ಮೇಲಿನದು ಕೊಡೆಯ ಹಾಗೆ ಬಿಸಿಲು ತಡೆಯುತ್ತದೆ, ನಡುವೆ ಗಾಳಿ ಆಡುತ್ತದೆ. ಕಿಟಕಿಗಳ ಮುಂದಿನ ಕಾಂಕ್ರೀಟ್ ಚೌಕಗಳು ಕೂಡ ಬರೀ ಅಲಂಕಾರವಲ್ಲ, ನೆರಳಿಗಾಗಿ ಮಾಡಿದವು. ಅಲ್ಲಿನ ಬೇಸಿಗೆ ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ, ಅಲ್ವಾ? ಗೋಡೆಗಳಿಗೆ ನುಣುಪಾದ ಗಾರೆ ಬಳಿದಿಲ್ಲ. ಕಾಂಕ್ರೀಟ್ ಸುರಿದಾಗಿನ ಅಚ್ಚಿನ ಗುರುತುಗಳು ಹಾಗೇ ಇವೆ. ನನಗಂತೂ ಆ ಒರಟುತನವೇ ಈ ಕಟ್ಟಡಗಳ ಚೆಲುವು.

ವಿಧಾನಸಭೆಯ ಮೇಲೆ ವಿದ್ಯುತ್ ಸ್ಥಾವರದ ಕೂಲಿಂಗ್ ಟವರಿನಂಥ ಗೋಪುರ ಕಾಣುತ್ತದೆ. ಸಭಾಂಗಣ ಇರುವುದು ಅದರೊಳಗೇ. ವಿಧಾನಸಭೆಯ ದೊಡ್ಡ ಎನಾಮಲ್ ಬಾಗಿಲಿನ ಚಿತ್ರಗಳೂ ಲ ಕಾರ್ಬೂಸಿಯೇ ಅವರದ್ದೇ.

ಕೊನೆಗೆ 26 ಮೀಟರ್ ಎತ್ತರದ 'ತೆರೆದ ಕೈ' ಸ್ಮಾರಕದ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಗಾಳಿ ಬೀಸಿದರೆ ಆ ಕೈ ತಿರುಗುತ್ತದೆ.