ಅವ್ವನ ವಸಡಿನ ಗುಳ್ಳೆ

ಪ್ರಶ್ನೆ: ಅವ್ವನಿಗೆ 56 ವರ್ಷ, ಶುಗರ್ ಇದೆ. ಎರಡು ತಿಂಗಳ ಹಿಂದೆ ಕೆಳಗಿನ ದವಡೆ ಹಲ್ಲು ನೋವಾಗಿ ಗಲ್ಲ ಬಾತಿತ್ತು. ಔಷಧದ ಅಂಗಡಿಯಿಂದ ಗುಳಿಗೆ ತಂದುಕೊಟ್ಟೆ, ಇಳಿಯಿತು. ಈಗ ನೋವಿಲ್ಲ. ಆದರೆ ವಸಡಿನ ಮೇಲೆ ಸಣ್ಣ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂದು ಅವ್ವನಿಗೆ ಹೆದರಿಕೆ. ನೋವೇ ಇಲ್ಲದ ಮೇಲೆ ತೋರಿಸಬೇಕಾ?
– ಒಬ್ಬ ಮಗಳು, ಬ್ಯಾಡಗಿ

ಉತ್ತರ: ತೋರಿಸಲೇಬೇಕು ತಂಗಿ, ಈ ವಾರವೇ.

ಆ ಗುಳ್ಳೆ ಕೀವಿನ ಬಾಯಿ. ಹುಳುಕು ಒಳಗಿಳಿದು ಹಲ್ಲಿನ ನರ ಸತ್ತಿರುತ್ತದೆ, ಬೇರಿನ ತುದಿಯಲ್ಲಿ ಕೀವು ಕಟ್ಟಿರುತ್ತದೆ. ಎಲುಬಿನೊಳಗೆ ಸಿಕ್ಕಿಕೊಂಡಿದ್ದಾಗ ಜೀವ ಹಿಂಡಿತು. ಈಗ ವಸಡಿನಲ್ಲಿ ದಾರಿ ಮಾಡಿಕೊಂಡು ಸೋರುತ್ತಿದೆ, ಅದಕ್ಕೇ ನೋವಿಲ್ಲ. ಬೆಳಿಗ್ಗೆ ಬಾಯಿ ಉಪ್ಪುಪ್ಪು ಅನ್ನುತ್ತಾರಾ? ಆ ಕಡೆಯಿಂದ ಕಡಕ್ ರೊಟ್ಟಿ ಅಗಿಯುವುದನ್ನು ಬಿಟ್ಟಿದ್ದಾರಾ? ಕೇಳಿ ನೋಡಿ. ನನ್ನ ಹತ್ತಿರ ಬರುವ ಹಿರಿಯರು ಇದನ್ನೆಲ್ಲ ನೋವಿನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗುಳಿಗೆ ರಕ್ತದ ಜೊತೆ ಹೋಗುವ ಔಷಧ. ಸತ್ತ ಹಲ್ಲಿನೊಳಗೆ ರಕ್ತವೇ ಹರಿಯದಿದ್ದರೆ ಅದು ತಲುಪುವುದೆಲ್ಲಿ? ಬಾವು ಇಳಿಯುತ್ತದೆ, ಮೂಲ ಹಾಗೇ ಇರುತ್ತದೆ. ಎಕ್ಸ್‌ರೇ ನೋಡಿ, ಹಲ್ಲು ಉಳಿಯುವಂತಿದ್ದರೆ ರೂಟ್ ಕೆನಾಲ್ ಮಾಡುತ್ತಾರೆ, ಅಂದರೆ ಒಳಗಿನ ಸತ್ತ ನರ ತೆಗೆದು ತೊಳೆದು ತುಂಬುತ್ತಾರೆ. ಇಲ್ಲದಿದ್ದರೆ ಕೀಳುತ್ತಾರೆ. ಅಂಗಡಿಯ ಗುಳಿಗೆ ಮಾತ್ರ ಇನ್ನು ಬೇಡ.

ಕಣ್ಣಿನ ಮಾತು! ಇದನ್ನು ಕೇಳಿ ಕೇಳಿ ನನಗೂ ಸಾಕಾಗಿದೆ. ನೋಡುವ ನರ ಬೇರೆ, ಹಲ್ಲಿನ ನರ ಬೇರೆ. ನಮ್ಮತ್ತೆಯ ಎರಡು ದವಡೆ ಹಲ್ಲು ಕಿತ್ತವನು ನಾನೇ. ಇವತ್ತಿಗೂ ಧಾರವಾಡದ ಮನೆಯ ಕಟ್ಟೆ ಮೇಲೆ ಕೂತು ಕಸೂತಿ ಹಾಕುತ್ತಾರೆ. ಅವ್ವನಿಗೆ ಇದನ್ನು ಹೇಳಿ.

ಗಲ್ಲಕ್ಕೆ ಬಿಸಿ ಕಾಸಬೇಡಿ. ತಂಬಾಕು-ಸುಣ್ಣ ಒತ್ತಬೇಡಿ, ಪಿನ್ನಿನಿಂದ ಚುಚ್ಚಲೂಬೇಡಿ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬಹುದು.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಗದ್ದದ ಕೆಳಗೆ ಬಾವು, ಜ್ವರ, ನುಂಗಲು ಕಷ್ಟ, ಬಾಯಿ ತೆರೆಯಲು ಆಗದಿರುವುದು – ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಹಾವೇರಿ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಗೋ ಹೊರಡಿ. ಕೆಳಗಿನ ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರೇ ಕಟ್ಟುತ್ತದೆ. ಶುಗರ್ ಇದ್ದವರಲ್ಲಿ ಸೋಂಕು ಬೇಗ ಹಬ್ಬುತ್ತದೆ, ಸೋಂಕಿನಿಂದ ಶುಗರ್ ಕೂಡ ಏರುತ್ತದೆ.

ಹಲ್ಲಿನ ವೈದ್ಯರ ಹತ್ತಿರ ಹೋಗುವ ದಿನ ಅವ್ವನನ್ನು ಉಪವಾಸ ಕರೆದುಕೊಂಡು ಹೋಗಬೇಡಿ. ನಾಷ್ಟಾ ಆಗಿರಲಿ, ಶುಗರ್ ಗುಳಿಗೆ ಎಂದಿನಂತೆ ತಗೊಂಡಿರಲಿ. ಇತ್ತೀಚಿನ ಶುಗರ್ ರಿಪೋರ್ಟ್, ಜೊತೆಗೆ ನೀವು ಕೊಟ್ಟ ಗುಳಿಗೆಯ ಖಾಲಿ ಸ್ಟ್ರಿಪ್ ಚೀಲದಲ್ಲಿರಲಿ.